ಲೋಟ ಎತ್ತುವ ಕೈ

ಮಕ್ಕಳ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಒಮ್ಮೆಯಾದರೂ ಹೋಗಿಬಂದ ತಂದೆ ತಾಯಂದಿರಿಗೆ ಸಿರಿಂಜಿನ ಕ್ರೇನನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ರಟ್ಟಿನ ತೋಳು, ಐಸ್‌ಕ್ರೀಮ್ ಕಡ್ಡಿಯ ಬೆರಳು, ಬಣ್ಣದ ನೀರು ತುಂಬಿದ ನಾಲ್ಕಾರು ಸಿರಿಂಜು, ನಡುವೆ ಸಲೈನ್ ಕೊಳವೆ. ಈ ತುದಿಯಲ್ಲಿ ಹುಡುಗ ಒತ್ತಿದರೆ ಆ ತುದಿಯಲ್ಲಿ ತೋಳು ಏಳುತ್ತದೆ. ಪಕ್ಕದಲ್ಲಿ ನಿಂತ ಹುಡುಗಿ ಪ್ಯಾಸ್ಕಲನ ನಿಯಮವನ್ನು ಒಂದೇ ಉಸಿರಿಗೆ ಒಪ್ಪಿಸುತ್ತಾಳೆ. ಮುಖ್ಯ ಅತಿಥಿಗಳು ತಲೆಯಾಡಿಸಿ ಮುಂದಿನ ಮೇಜಿಗೆ, ಅಂದರೆ ಜ್ವಾಲಾಮುಖಿಗೆ, ಹೋಗುತ್ತಾರೆ.

ಈಚಿನ ವರ್ಷಗಳಲ್ಲಿ ಸಿರಿಂಜಿನ ಜಾಗಕ್ಕೆ ಸರ್ವೊ ಮೋಟಾರು ಬಂದಿದೆ. 2016ರಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆ ಶುರುವಾದ ಮೇಲೆ ಸಣ್ಣ ಊರುಗಳ ಶಾಲೆಗಳ ಕಪಾಟಿನಲ್ಲೂ ರೋಬಾಟಿನ ಸಾಮಾನು ಕಾಣಿಸುತ್ತದೆ. ಒಳ್ಳೆಯದೇ. ಆದರೆ ಸಿರಿಂಜಿರಲಿ, ಸರ್ವೊ ಇರಲಿ, ಆ ಮೇಜಿನ ಮುಂದೆ ನಿಂತವರು ‘ಎಷ್ಟು ಭಾರ ಎತ್ತುತ್ತದೆ?’ ಎಂದು ಕೇಳುತ್ತಾರೆಯೇ ಹೊರತು, ಎತ್ತಿದ ಮೇಲೆ ಆ ಭಾರವನ್ನು ಹಿಡಿದುಕೊಂಡಿರುವವರು ಯಾರು ಎಂದು ಕೇಳಿದ್ದನ್ನು ನಾನು ಕಂಡಿಲ್ಲ. ಸಿರಿಂಜಿನ ಕ್ರೇನಿನಲ್ಲಿ ಹಿಡಿದುಕೊಂಡಿರುವುದು ಹುಡುಗನ ಹೆಬ್ಬೆರಳು. ಬೆರಳು ಸೋತರೆ ಕ್ರೇನೂ ಸೋಲುತ್ತದೆ.

ಮೂವತ್ತು ವರ್ಷ ಪಾಲಿಟೆಕ್ನಿಕ್ ಒಂದರಲ್ಲಿ ಮೆಕ್ಯಾನಿಕಲ್ ಪಾಠ ಮಾಡಿ ನಿವೃತ್ತನಾದ ನನಗೆ ಈ ಪ್ರಶ್ನೆ ಮನೆಯೊಳಕ್ಕೇ ಬಂದದ್ದು ಕಳೆದ ಬೇಸಿಗೆಯಲ್ಲಿ. ನಾವಿರುವುದು ಹಾಸನದಲ್ಲಿ. ನನ್ನ ತಾಯಿಗೆ ಎಂಬತ್ತೆರಡು. ಪಾರ್ಶ್ವವಾಯುವಾದ ಮೇಲೆ ಬಲಗೈ ಏಳುವುದಿಲ್ಲ. ಎಡಗೈ ಏಳುತ್ತದೆ, ಆದರೆ ಭಾರ ಹಿಡಿದರೆ ನಡುಗುತ್ತದೆ. ಮಂಚದ ಪಕ್ಕದ ಸ್ಟೂಲಿನಿಂದ ಕಾಫಿ ಲೋಟ ಬಾಯಿಗೆ ಬರುವಷ್ಟರಲ್ಲಿ ಅರ್ಧ ಸೆರಗಿನ ಮೇಲಿರುತ್ತದೆ. ಯಾರಾದರೂ ಕುಡಿಸಬಹುದು, ಕುಡಿಸುತ್ತೇವೆ. ಆದರೆ ಕುಡಿಸಿಕೊಳ್ಳುವುದು ಅವರಿಗೆ ಇಷ್ಟವಿಲ್ಲ. ‘ಕಾಫಿ ಔಷಧಿ ಅಲ್ಲವಲ್ಲೋ’ ಎನ್ನುತ್ತಾರೆ.

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿ ರಜಕ್ಕೆ ಬಂದ ತಂಗಿಯ ಮಗಳು ಇದನ್ನು ಎರಡು ದಿನ ನೋಡಿದಳು. ಮೂರನೆಯ ದಿನ ತನ್ನ ಚೀಲದಿಂದ ರೋಬಾಟ್ ಕೈ ಒಂದನ್ನು ತೆಗೆದಳು. ಅವಳಪ್ಪ ಹುಟ್ಟುಹಬ್ಬಕ್ಕೆ ತರಿಸಿಕೊಟ್ಟ ಕಿಟ್ಟು. ಪ್ಲಾಸ್ಟಿಕ್ಕಿನ ತೋಳು, ನಾಲ್ಕು ನೀಲಿ ಸರ್ವೊ, ಒಂದು ಆರ್ಡುಯಿನೊ ಹಲಗೆ. ಸರ್ವೊ ಎಂದರೆ ಹೇಳಿದ ಕೋನಕ್ಕೆ ತಿರುಗಿ ಅಲ್ಲೇ ನಿಲ್ಲಲು ಪ್ರಯತ್ನಿಸುವ ಮೋಟಾರು. ಅದು ರಬ್ಬರನ್ನು ಎತ್ತಿತು. ಪೆನ್ನನ್ನು ಎತ್ತಿತು. ಖಾಲಿ ಲೋಟಕ್ಕೆ ಕೈ ಹಾಕಿದಾಗ ಗುರ್ರೆಂದು ಅಲ್ಲೇ ನಡುಗಿತು.

‘ಥೇಟ್ ನನ್ನ ಕೈ ಹಾಗೇ ಇದೆಯಲ್ಲೇ’ ಎಂದರು ಅಮ್ಮ.

ಹುಡುಗಿಗೆ ನಗು ಬರಲಿಲ್ಲ. ‘ಯಾಕೆ ಮಾವ ಎತ್ತಲ್ಲ ಇದು?’

ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ಲೆಕ್ಕ ಶುರುವಾಯಿತು. ಅಂಥ ಪುಟ್ಟ ನೀಲಿ ಸರ್ವೊದ ತೂಕ 9 ಗ್ರಾಂ. ಅದರ ಬಲ 1.8 ಕೆ.ಜಿ. ಸೆಂ.ಮೀ. ಎಂದು ಬರೆದಿರುತ್ತದೆ. ಹಾಗೆಂದರೆ ಅಕ್ಷದಿಂದ 1 ಸೆಂ.ಮೀ. ದೂರದಲ್ಲಿ 1.8 ಕೆ.ಜಿ.ಗೆ ಅದು ಸರಿಸಮ. 10 ಸೆಂ.ಮೀ. ದೂರದಲ್ಲಿ 180 ಗ್ರಾಮಿಗೆ, 15 ಸೆಂ.ಮೀ. ದೂರದಲ್ಲಿ 120 ಗ್ರಾಮಿಗೆ ಮಾತ್ರ. ಭಾರವನ್ನು ದೂರದಿಂದ ಗುಣಿಸಿದರೆ ಮುಗಿಯಿತು, ಇದಕ್ಕೆ ಇಂಜಿನಿಯರಿಂಗ್ ಬೇಕಿಲ್ಲ. ತುಂಬಿದ ಕೊಡವನ್ನು ಸೊಂಟಕ್ಕೆ ಒತ್ತಿ ಹಿಡಿಯದೆ ಕೈ ಚಾಚಿ ಹಿಡಿದವರಿಗೆ ಗೊತ್ತು. ಆ 120 ಗ್ರಾಮಿನಲ್ಲೂ ತೋಳಿನದೇ ತೂಕ ಕಳೆಯಬೇಕು, ತೋಳಿನ ಮೇಲೆ ಕೂತ ಇನ್ನೆರಡು ಸರ್ವೊಗಳ ತೂಕ ಕಳೆಯಬೇಕು. ಇಷ್ಟಕ್ಕೂ 1.8 ಎನ್ನುವುದು ಮೋಟಾರು ತಿರುಗಲಾರದೆ ನಿಂತುಬಿಡುವ ಹಂತದ ಅಂಕಿ. ನೆಮ್ಮದಿಯಾಗಿ ಕೆಲಸ ಮಾಡಬೇಕಾದರೆ ಅದರ ಅರ್ಧವೋ ಮೂರನೆಯ ಒಂದೋ ಇಟ್ಟುಕೊಳ್ಳಬೇಕು. ಇಷ್ಟೆಲ್ಲ ಕಳೆದು ಉಳಿದದ್ದೇ ರಬ್ಬರು.

ಭಾನುವಾರ ಬೆಂಗಳೂರಿನಿಂದ ಬಂದ ಅವಳಪ್ಪ ವಿಷಯ ಕೇಳಿ ಒಂದೇ ಮಾತಿನಲ್ಲಿ ತೀರ್ಮಾನ ಕೊಟ್ಟರು: ‘ದೊಡ್ಡ ಮೋಟಾರು ಹಾಕಿಸಿಬಿಡೋಣ ಭಾವ, ಎಷ್ಟಾದರೂ ಆಗಲಿ.’ ಅವರಿಗೆ ಅವಸರವಿತ್ತು. ಜೂನಿನಲ್ಲಿ ಪಿಯುಸಿ ಜೊತೆಗೆ ಕೋಚಿಂಗು. ಅದಕ್ಕೆ ಮೊದಲೇ ಮೇ ತಿಂಗಳಲ್ಲಿ ಬ್ರಿಜ್ ಕೋರ್ಸು, ಹಣವನ್ನೂ ಕಟ್ಟಿಯಾಗಿತ್ತು. ಈ ಲೋಟದ ವಿಚಾರ ಹದಿನೈದು ದಿನದಲ್ಲಿ ಮುಗಿಯಬೇಕು ಎಂಬ ಷರತ್ತಿನ ಮೇಲೆ ಮಗಳನ್ನು ಬಿಟ್ಟುಹೋದರು.

ದೊಡ್ಡ ಮೋಟಾರಿನ ಲೆಕ್ಕವನ್ನೂ ಹುಡುಗಿಯೇ ಹಾಕಿದಳು. ಕಾಫಿ ತುಂಬಿದ ಲೋಟ 200 ಗ್ರಾಂ, ಅದನ್ನು ಹಿಡಿಯುವ ಬಳೆ 100 ಗ್ರಾಂ. ಸ್ಟೂಲಿನಿಂದ ಅಜ್ಜಿಯ ಮುಖದವರೆಗೆ ತೋಳು 30 ಸೆಂ.ಮೀ. ಬೇಕು. 0.3 ಗುಣಿಸು 30, ಅಲ್ಲಿಗೆ 9. ಅಲ್ಯುಮಿನಿಯಂ ಪಟ್ಟಿಯ ತೋಳಿನದೇ ತೂಕ 120 ಗ್ರಾಂ. ಅದರ ಭಾರ ನಡುವೆ, 15 ಸೆಂ.ಮೀ. ದೂರದಲ್ಲಿ ಬೀಳುತ್ತದೆ, ಅದು 1.8. ಒಟ್ಟು 10.8 ಕೆ.ಜಿ. ಸೆಂ.ಮೀ. ಹುಡುಗರೆಲ್ಲ ಕೊಳ್ಳುವ ಎಂಜಿ 996 ಆರ್ ಎಂಬ ಲೋಹದ ಹಲ್ಲಿನ ಸರ್ವೊದ ಮೇಲೆ 6 ವೋಲ್ಟಿಗೆ 11 ಎಂದು ಅಂಕಿ ಇದೆ. ‘ಪಾಸು, ಆದರೆ ಮೂವತ್ತೈದಕ್ಕೆ ಮೂವತ್ತೈದು’ ಎಂದಳು. ತೋಳು ಅಡ್ಡಕ್ಕೆ ಚಾಚಿದಾಗ ಇಷ್ಟು ಹೊರೆ. 60 ಡಿಗ್ರಿ ಮೇಲೆದ್ದರೆ ಅರ್ಧಕ್ಕಿಳಿಯುತ್ತದೆ. ಆದರೆ ಲೋಟ ಇರುವುದೂ ಅಜ್ಜಿ ಕೂತಿರುವುದೂ ಚಾಚಿದ ದೂರದಲ್ಲೇ.

ಎಸ್.ಪಿ. ರೋಡಿನಿಂದ 25 ಕೆ.ಜಿ. ಸೆಂ.ಮೀ. ಸರ್ವೊ ಒಂದನ್ನು ತರಿಸಿದೆವು. ಅಂಗಳದಲ್ಲಿ ಕಲ್ಲಿನ ಚಪ್ಪಡಿಗೆ ಅದನ್ನು ಬಿಗಿದು, ತೋಳು ಕಟ್ಟಿ, ಲೋಟಕ್ಕೆ ತಣ್ಣೀರು ತುಂಬಿದೆವು. ಎತ್ತಿತು. ಹುಡುಗಿ ಚಪ್ಪಾಳೆ ತಟ್ಟಿದಳು. ನಾನು, ಇರು ಪುಟ್ಟಿ, ಹಾಗೇ ಹಿಡಿದುಕೊಂಡಿರಲಿ ಎಂದು ಗಡಿಯಾರ ನೋಡುತ್ತ ಕೂತೆ. ಮೋಟಾರು ಜೀರುಂಡೆಯಂತೆ ಗುಂಯ್‌ಗುಡುತ್ತಲೇ ಇತ್ತು. ಕೆಲವು ನಿಮಿಷ ಕಳೆದು ಮುಟ್ಟಿದರೆ ಮೈ ಬಿಸಿ. ಆಮೇಲೆ ‘ಈಗ ಕರೆಂಟು ಹೋಯ್ತು’ ಎಂದು ಹೇಳಿ ಸ್ವಿಚ್ಚು ಆರಿಸಿದೆ. ತೋಳು ಒಂದು ಕ್ಷಣ ಅನುಮಾನಿಸಿ, ನಿದ್ದೆ ತೂಗಿದವರ ತಲೆಯಂತೆ ಬಾಗಿ, ಲೋಟದ ಸಮೇತ ಚಪ್ಪಡಿಗೆ ಬಡಿಯಿತು. ನೀರೆಲ್ಲ ಅವಳ ಲಂಗದ ಮೇಲೆ.

ತಣ್ಣೀರಾದ್ದರಿಂದ ನಕ್ಕೆವು. ಎದೆಯ ಮಟ್ಟದಲ್ಲಿ ಅಮ್ಮನ ಬಿಸಿ ಕಾಫಿ ಇರುವಾಗ, ಏಪ್ರಿಲ್ಲಿನ ಸಂಜೆ, ಗುಡುಗು ಶುರುವಾದೊಡನೆ ವಿದ್ಯುತ್ತು ಮಾಯವಾಗುವ ಊರಿನಲ್ಲಿ, ಹೀಗಾದರೆ ಏನು? ಏಳದ ಬಲಗೈಯಿಂದ ಅವರು ತಪ್ಪಿಸಿಕೊಳ್ಳಲೂ ಆರರು. ಹುಡುಗಿ ಮೌನವಾಗಿ ಲಂಗ ಹಿಂಡಿಕೊಂಡಳು. ಆ ಸಂಜೆಯಿಂದ ಅವಳ ಪ್ರಶ್ನೆ ಬದಲಾಯಿತು.

ಇಲ್ಲಿ ಒಂದು ವಿಚಿತ್ರವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಒಂಬತ್ತನೇ ತರಗತಿಯ ವಿಜ್ಞಾನದಲ್ಲಿ ‘ಕೆಲಸ’ ಎಂಬ ಪಾಠವಿದೆ. ತಲೆಯ ಮೇಲೆ ಮೂಟೆ ಹೊತ್ತು ಗಂಟೆಗಟ್ಟಲೆ ನಿಂತವನು ಭೌತಶಾಸ್ತ್ರದ ಪ್ರಕಾರ ಏನೂ ಕೆಲಸ ಮಾಡಿಲ್ಲ ಎಂದು ಹೇಳಿದಾಗ ಪ್ರತಿ ವರ್ಷವೂ ಒಬ್ಬಿಬ್ಬರು ಹುಡುಗರು, ಹೊತ್ತು ನೋಡಿ ಸಾರ್ ಎಂದು ಗೊಣಗುತ್ತಿದ್ದರು. ಅವರ ಗೊಣಗಾಟ ನ್ಯಾಯವಾದದ್ದೇ. ನಮ್ಮ ಲೋಟ, ಬಳೆ, ತೋಳು, ಅದನ್ನು ಹೊರುವ ಜಾರುಗಟ್ಟೆ ಎಲ್ಲ ಸೇರಿ 700 ಗ್ರಾಂ ಎಂದುಕೊಳ್ಳಿ. 25 ಸೆಂ.ಮೀ. ಮೇಲೆತ್ತಲು ಬೇಕಾದ ಕೆಲಸ ಸುಮಾರು 1.7 ಜೂಲ್. 9 ವ್ಯಾಟಿನ ಎಲ್‌ಇಡಿ ಬಲ್ಬು ಕಣ್ಣು ಮಿಟುಕಿಸುವಷ್ಟರಲ್ಲಿ ಅಷ್ಟು ಶಕ್ತಿಯನ್ನು ಕುಡಿದುಬಿಡುತ್ತದೆ. ಎತ್ತುವುದೆಂದರೆ ಇಷ್ಟೇ! ಎತ್ತಿದ್ದನ್ನು ಹಿಡಿದಿರಲು ಬೇಕಾದ ಕೆಲಸವಂತೂ ಸೊನ್ನೆ. ಆದರೆ ನಮ್ಮ ಸ್ನಾಯುವೂ ಸರ್ವೊ ಮೋಟಾರೂ ಈ ಸೊನ್ನೆಯನ್ನು ಸೊನ್ನೆ ಖರ್ಚಿನಲ್ಲಿ ಮಾಡಲಾರವು. ಸುಮ್ಮನೆ ನಿಲ್ಲುವುದಕ್ಕೂ ಅವಕ್ಕೆ ಉಣ್ಣಬೇಕು, ಬಿಸಿಯಾಗಬೇಕು. ಗೋಡೆಗೆ ಹೊಡೆದ ಮೊಳೆ ನೋಡಿ, ವರ್ಷಾನುಗಟ್ಟಲೆ ಕ್ಯಾಲೆಂಡರ್ ಹಿಡಿದಿರುತ್ತದೆ. ಸಣ್ಣ ರೋಬಾಟ್ ಕೈಗೆ ಎತ್ತುವ ಸಾಧನ ಆರಿಸುವಾಗ ನಾವು ಹುಡುಕಬೇಕಾದದ್ದು ಹೆಚ್ಚು ಬಲದ ಮೋಟಾರನ್ನಲ್ಲ, ಎತ್ತಿದ ಮೇಲೆ ಮೊಳೆಯಂತೆ ನಿಲ್ಲುವ ಏರ್ಪಾಟನ್ನು.

ಫೋನಿನಲ್ಲಿ ಅವಳಪ್ಪ ಬ್ಯಾಟರಿ ಇಡಿ ಎಂದರು. ‘ಬ್ಯಾಟರಿನೂ ಖಾಲಿಯಾಗತ್ತಲ್ಲ ಅಪ್ಪ. ವೈರು ಕಿತ್ತು ಬಂದರೆ?’ ಎಂದಳು ಇವಳು. ಕಾರ್ಖಾನೆಯ ರೋಬಾಟುಗಳು ಈ ತೊಂದರೆಯನ್ನು ಎಂದೋ ಕಂಡಿವೆ. ಅವುಗಳ ಕೀಲುಗಳಲ್ಲಿ ವಿದ್ಯುತ್ತು ನಿಂತೊಡನೆ ಸ್ಪ್ರಿಂಗಿನ ಬಲದಿಂದ ತಾನೇ ಬಿಗಿಯುವ ಬ್ರೇಕು ಇರುತ್ತದೆ; ವಿದ್ಯುತ್ತು ಬೇಕಾಗುವುದು ಬ್ರೇಕನ್ನು ಬಿಡಿಸುವುದಕ್ಕೆ. ಉಪಾಯ ಚೆನ್ನಾಗಿದೆ, ಆದರೆ ರಜದ ಹುಡುಗಿಯ ಕೈಚೀಲಕ್ಕೆ ದುಬಾರಿ.

ನಮ್ಮ ಹಿರಿಯರು ಎತ್ತುವುದಕ್ಕೆ ಏನೇನು ಮಾಡಿಕೊಂಡಿದ್ದರು ಎಂದು ನೋಡುತ್ತ ಹೋದೆವು. ಮೊದಲು ನೆನಪಾದದ್ದು ಏತ. ಉದ್ದನೆಯ ಮರ, ಒಂದು ತುದಿಗೆ ಬಾನಿ, ಇನ್ನೊಂದು ತುದಿಗೆ ಕಲ್ಲು. ಕೆಲವು ಕಡೆ ಕಲ್ಲಿನ ಬದಲು ಆಳೇ ಮರದ ಮೇಲೆ ಹಿಂದೆ ಮುಂದೆ ನಡೆಯುತ್ತಿದ್ದ. ಎದುರು ಭಾರ ಇಟ್ಟರೆ ಮೋಟಾರಿಗೆ ಹೊರೆಯೇ ಇಲ್ಲ. ಮೇಜಿನ ಮೇಲಿನ ಮಡಚು ದೀಪದಲ್ಲಿ ಕಲ್ಲಿನ ಬದಲು ಸ್ಪ್ರಿಂಗು ಇರುತ್ತದೆ. ಜಾರ್ಜ್ ಕಾರ್ವರ್ಡೀನ್ ಎಂಬ ಇಂಗ್ಲಿಷ್ ಇಂಜಿನಿಯರು 1932ರಲ್ಲಿ ರೂಪಿಸಿದ ಏರ್ಪಾಟು ಅದು. ದೀಪವನ್ನು ಎಲ್ಲಿ ಬಿಟ್ಟರೆ ಅಲ್ಲಿ ನಿಲ್ಲುತ್ತದೆ. ಆದರೆ ದೀಪದ ತೂಕ ಎಂದೂ ಬದಲಾಗದು, ಲೋಟದ್ದು ಗುಟುಕು ಗುಟುಕಿಗೂ ಬದಲಾಗುತ್ತದೆ. ತುಂಬಿದ ಲೋಟಕ್ಕೆ ಸರಿದೂಗಿಸಿದರೆ, ಕಾಫಿ ಮುಗಿಯುತ್ತ ಬಂದಂತೆ ತೋಳು ತಾನೇ ಮೇಲೇಳುತ್ತ ಅಜ್ಜಿಯ ಮೂಗಿಗೆ ಬರುತ್ತದೆ! ಹುಡುಗಿ ಇದನ್ನು ಅಭಿನಯಿಸಿ ತೋರಿಸಿದಾಗ ಅಮ್ಮ ತುಂಬ ದಿನಗಳ ಮೇಲೆ ಜೋರಾಗಿ ನಕ್ಕರು.

ರಾಟೆಯ ವಿಷಯಕ್ಕೆ ಅವರೇ ಬಂದರು. ‘ಬಾವಿ ಹಗ್ಗ ಕೈ ಬಿಟ್ಟರೆ ಕೊಡ ಬಾವಿಗೇ ಅಲ್ಲವೇನೇ?’ ನಿಜ. ಹಗ್ಗವೂ ರಾಟೆಯೂ ಹಗುರ, ಮೋಟಾರನ್ನು ಕೆಳಗೇ ಇಡಬಹುದು. ಎತ್ತರ ಹೆಚ್ಚಿದ್ದರೆ ನಾನು ಅದನ್ನೇ ಆರಿಸುತ್ತಿದ್ದೆ. ಆದರೆ ಹಿಡಿದಿರುವವರು ಬೇರೆ ಬೇಕು.

ಗಿಟಾರಿನ ತಂತಿ ಬಿಗಿಯುವ ಕಿವಿಯಲ್ಲಿ ಒಂದು ಪುಟ್ಟ ತಿರುಪು ಹಲ್ಲಿನ ಚಕ್ರವನ್ನು ತಿರುಗಿಸುತ್ತದೆ. ತಿರುಪು ಚಕ್ರವನ್ನು ತಿರುಗಿಸಬಲ್ಲದು, ತಂತಿ ಎಷ್ಟೇ ಜಗ್ಗಿದರೂ ಚಕ್ರ ತಿರುಪನ್ನು ತಿರುಗಿಸಲಾರದು. ವರ್ಮ್ ಗೇರು ಎನ್ನುವುದು ಇದಕ್ಕೇ. ಕಾರಿನ ಗಾಜು ಒರೆಸುವ ವೈಪರಿನ ಮೋಟಾರಿನಲ್ಲೂ ಇದೇ ಇದೆ, ಗುಜರಿಯಲ್ಲಿ ಅಗ್ಗಕ್ಕೆ ಸಿಗುತ್ತದೆ. ಹುಡುಗಿಗೆ ಇದು ಬಹಳ ಹಿಡಿಸಿತು. ನನಗೂ ಇದು ತಪ್ಪು ಆಯ್ಕೆ ಎನಿಸಲಿಲ್ಲ. ತೊಡಕು ಎಂದರೆ ಹಲ್ಲುಗಳ ನಡುವಿನ ಸಡಿಲ. ಭುಜದಲ್ಲಿ ಒಂದೇ ಡಿಗ್ರಿ ಸಡಿಲವಿದ್ದರೂ 30 ಸೆಂ.ಮೀ. ಆಚೆಯ ತುದಿಯಲ್ಲಿ ಲೋಟ 5 ಮಿ.ಮೀ. ಕುಣಿಯುತ್ತದೆ. ನಡುಗುವ ಕೈಗೆ ಬದಲಾಗಿ ನಡುಗುವ ಯಂತ್ರ ಕೊಟ್ಟಂತೆ.

ಕೊನೆಗೆ ಅಟ್ಟದ ಮೇಲಿಂದ ಶಾವಿಗೆ ಒರಳನ್ನು ಇಳಿಸಿದೆ. ಮೂರು ಕಾಲಿನ, ಮೇಲೆ ಹಿಡಿ ಇರುವ, ತಿರುಪಿನದು. ಹಿಡಿಯನ್ನು ಅರ್ಧಕ್ಕೆ ತಿರುಗಿಸಿ ಬಿಟ್ಟೆ. ಎಲ್ಲಿ ಬಿಟ್ಟೆನೋ ಅಲ್ಲೇ ನಿಂತಿತು. ಕೆಳಗಿನಿಂದ ಹುಡುಗಿ ಎರಡೂ ಕೈಯಿಂದ ಒತ್ತಿದಳು, ಜಪ್ಪಯ್ಯ ಎನ್ನಲಿಲ್ಲ. ಲಾರಿಯ ಚಕ್ರ ಬದಲಿಸುವಾಗ ಇಡುವ ತಿರುಪಿನ ಜಾಕಿನ ಗುಣವೂ ಇದೇ.

ತಿರುಪು ಎಂದರೆ ಕಂಬಕ್ಕೆ ಸುತ್ತಿದ ಘಾಟಿ ರಸ್ತೆ. ನಾವು ಶಿರಾಡಿ ಘಾಟಿಯ ದಾರಿಯವರು, ಈ ಉಪಮೆ ಸುಲಭವಾಗಿ ಬರುತ್ತದೆ. ಏರು ಮೆತ್ತಗಿದ್ದಷ್ಟೂ ದಾರಿ ಉದ್ದ, ಶ್ರಮ ಕಡಿಮೆ. ಲಾರಿಗೆ ಆನಿಸಿದ ಹಲಗೆಯ ಮೇಲೆ ಅಕ್ಕಿ ಮೂಟೆ ಇಡಿ: ಹಲಗೆಯ ಇಳಿಜಾರು ಕಡಿಮೆಯಿದ್ದರೆ ಮೂಟೆ ಸುಮ್ಮನೆ ಕೂತಿರುತ್ತದೆ, ಒಂದು ಮಟ್ಟ ದಾಟಿದರೆ ತಾನೇ ಜಾರುತ್ತದೆ. ತಿರುಪಿನ ಮೇಲಿನ ನಟ್ಟಿನ ಹಣೆಬರಹವೂ ಅಷ್ಟೇ.

ಮೂರು ಆಯಾಮದ ಮುದ್ರಣ ಯಂತ್ರಗಳಲ್ಲಿ ಬಳಸುವ 8 ಮಿ.ಮೀ. ದಪ್ಪದ ತಿರುಪು ಸರಳುಗಳು ಈಗ ಎಲ್ಲೆಡೆ ಸಿಗುತ್ತವೆ. ಕೊಳ್ಳುವಾಗ ಒಂದು ವಿಷಯ ನೋಡಬೇಕು. ಒಂದು ಸುತ್ತಿಗೆ ನಟ್ಟು ಎಷ್ಟು ಏರುತ್ತದೆ? ಹೊರನೋಟಕ್ಕೆ ಒಂದೇ ಥರ ಕಾಣುವ ಸರಳುಗಳಲ್ಲಿ 2 ಮಿ.ಮೀ. ಏರುವುದೂ ಇದೆ, 8 ಮಿ.ಮೀ. ಏರುವುದೂ ಇದೆ. ಎಳೆಗಳ ನಡುಭಾಗದಲ್ಲಿ ಒಂದು ಸುತ್ತಿನ ಅಳತೆ ಸುಮಾರು 22 ಮಿ.ಮೀ. ಅಷ್ಟು ದಾರಿಗೆ 2 ಮಿ.ಮೀ. ಏರಿದರೆ ಇಳಿಜಾರು 5 ಡಿಗ್ರಿ, 8 ಮಿ.ಮೀ. ಏರಿದರೆ 20 ಡಿಗ್ರಿ. ಉಕ್ಕಿನ ಮೇಲೆ ಹಿತ್ತಾಳೆ ಜಾರತೊಡಗುವುದು ಇವೆರಡರ ನಡುವೆ ಎಲ್ಲೋ, ಹತ್ತು ಡಿಗ್ರಿಯ ಆಸುಪಾಸಿನಲ್ಲಿ. ಎರಡನ್ನೂ ತರಿಸಿ ನೆಟ್ಟಗೆ ನಿಲ್ಲಿಸಿ ನಟ್ಟನ್ನು ಅಂಗೈಯಿಂದ ಒತ್ತಿ ನೋಡಿದೆವು. 8ರದ್ದು ಬುಗುರಿಯಂತೆ ತಿರುಗಿಕೊಂಡು ಇಳಿಯಿತು. 2ರದ್ದರ ಮೇಲೆ ಹುಡುಗಿ ತನ್ನ ಮೈಭಾರ ಹಾಕಿದರೂ ಕದಲಲಿಲ್ಲ.

ಕದಲದ ಈ ಗುಣಕ್ಕೆ ಬೆಲೆ ತೆರಬೇಕು. ತಾನಾಗಿ ಇಳಿಯದ ತಿರುಪಿನಲ್ಲಿ ನಾವು ಕೊಟ್ಟ ಶಕ್ತಿಯ ಅರ್ಧಕ್ಕಿಂತ ಹೆಚ್ಚು ಘರ್ಷಣೆಯಲ್ಲೇ ಸುಟ್ಟುಹೋಗುತ್ತದೆ. ಹಿಡಿದಿಡುವುದೂ ಆ ಘರ್ಷಣೆಯೇ ಆದ್ದರಿಂದ ದೂರುವಂತಿಲ್ಲ. ಇನ್ನೊಂದು ಬೆಲೆ ಸಮಯ. 25 ಸೆಂ.ಮೀ. ಏರಲು 125 ಸುತ್ತು. ನಮ್ಮ ಸ್ಟೆಪರ್ ಮೋಟಾರು ಸೆಕೆಂಡಿಗೆ 5 ಸುತ್ತು ತಿರುಗಿದರೆ 25 ಸೆಕೆಂಡು.

ಇಷ್ಟಾದ ಮೇಲೆ ತೋಳಿನ ಆಕಾರವೇ ಬದಲಾಯಿತು. ಭುಜದಿಂದ ಮೇಲೆ ಕೆಳಗೆ ಆಡುವ ತೋಳಿನ ಬದಲು ನೆಟ್ಟನೆಯ ಕಂಬ. ಅದರ ಮೇಲೆ ತಿರುಪು ಎತ್ತುವ ಜಾರುಗಟ್ಟೆ. ಜಾರುಗಟ್ಟೆಗೆ ಬಾಗಿಲಿನಂತೆ ಅಡ್ಡಕ್ಕೆ ತಿರುಗುವ ತೋಳು. ತೇಗದ ಬಾಗಿಲು ಎಷ್ಟೇ ಭಾರವಿದ್ದರೂ ಮಗು ಬೆರಳಿನಲ್ಲಿ ನೂಕುತ್ತದೆ, ಏಕೆಂದರೆ ಭಾರವನ್ನು ಹೊತ್ತಿರುವುದು ಕೀಲು. ಜಪಾನಿನ ಯಮನಾಶಿ ವಿಶ್ವವಿದ್ಯಾಲಯದ ಹಿರೋಶಿ ಮಾಕಿನೊ 1978ರಲ್ಲಿ ಇದೇ ತತ್ವದ ರೋಬಾಟನ್ನು ಮಾಡಿದರು. ಕೀಲುಗಳೆಲ್ಲ ಅಡ್ಡಕ್ಕೆ ತಿರುಗುತ್ತವೆ, ಏರಿಳಿತಕ್ಕೆ ಮಾತ್ರ ಬೇರೆ ಏರ್ಪಾಟು. ಸ್ಕಾರಾ ಎಂಬ ಹೆಸರಿನ ಆ ಜಾತಿ 1981ರಲ್ಲಿ ಮಾರುಕಟ್ಟೆಗೆ ಬಂದು, ಸಣ್ಣ ಭಾಗಗಳನ್ನು ಜೋಡಿಸುವ ಕಾರ್ಖಾನೆಗಳಲ್ಲಿ ಇಂದಿಗೂ ಇದೆ. ಅದಕ್ಕೂ ಮೊದಲು 1961ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಜನರಲ್ ಮೋಟರ್ಸ್ ಕಾರ್ಖಾನೆಯಲ್ಲಿ ಕೆಲಸಕ್ಕೆ ನಿಂತ ಮೊದಲ ಕೈಗಾರಿಕಾ ರೋಬಾಟ್ ಯುನಿಮೇಟ್ ಎಣ್ಣೆಯ ಒತ್ತಡದಿಂದ ಎತ್ತುತ್ತಿತ್ತು. ನಮ್ಮ ಸಿರಿಂಜಿನ ಕ್ರೇನಿನ ದೊಡ್ಡಪ್ಪ ಎನ್ನಿ.

ಹುಡುಗಿಗೆ ನಿಜವಾದ ಸಂತೋಷ ಕೊಟ್ಟದ್ದು ಬೇರೆಯೇ. ತೋಳಿನ ಬುಡಕ್ಕೆ ಒಳ್ಳೆಯ ಬೇರಿಂಗು ಹಾಕಿದ ಮೇಲೆ ಅದನ್ನು ಅಡ್ಡಕ್ಕೆ ತಿರುಗಿಸಲು ಕಿಟ್ಟಿನ ಅದೇ 9 ಗ್ರಾಮಿನ ನೀಲಿ ಸರ್ವೊ ಸಾಕಾಯಿತು. ಖಾಲಿ ಲೋಟ ಎತ್ತಲಾರದೆ ನಡುಗಿದ್ದು ಈಗ ತುಂಬಿದ ಲೋಟವನ್ನು ನಿಧಾನವಾಗಿ ಅಜ್ಜಿಯ ಕಡೆಗೆ ತರುತ್ತದೆ. ಕಂಬ ನೆಟ್ಟಗಿರಬೇಕು, ಅಷ್ಟೇ. ಲೋಟ ಕೂರುವ ಬಳೆಯನ್ನು ತೊಟ್ಟಿಲಿನಂತೆ ಎರಡು ಗುಬಟಿನ ಮೇಲೆ ತೂಗುಹಾಕಿದ್ದಾಳೆ. ಅಮ್ಮ ಎಡಗೈಯಿಂದ ವಾಲಿಸಿ ಕುಡಿಯುತ್ತಾರೆ, ಬಿಟ್ಟರೆ ಲೋಟ ನೆಟ್ಟಗಾಗುತ್ತದೆ.

ಅಡ್ಡಿಗಳೂ ಬಂದವು. ಮೊದಲ ಜಾರುಗಟ್ಟೆ ಅರ್ಧ ದಾರಿಯಲ್ಲಿ ಕಚ್ಚಿಕೊಂಡು ನಿಂತಿತು. ಅಗಲದ ಮೇಜಿನ ಡ್ರಾಯರನ್ನು ಒಂದೇ ಮೂಲೆ ಹಿಡಿದು ಎಳೆದರೆ ಕಚ್ಚಿಕೊಳ್ಳುತ್ತದಲ್ಲ, ಹಾಗೆ. ಹೊರೆ ಕಂಬದಿಂದ ಎಷ್ಟು ದೂರವಿದೆಯೋ ಅದರ ಅರ್ಧದಷ್ಟಾದರೂ ಉದ್ದ ಜಾರುಗಟ್ಟೆ ಸರಳನ್ನು ತಬ್ಬಿರಬೇಕು ಎಂಬುದು ವರ್ಕ್‌ಶಾಪಿನ ಹಳೆಯ ಲೆಕ್ಕ. 30ಕ್ಕೆ 15 ಸೆಂ.ಮೀ. ಮಾಡಿದ ಮೇಲೆ ಸರಾಗವಾಯಿತು, ಕಂಬ ಅಷ್ಟು ಎತ್ತರವಾಯಿತು.

ಮುಖ್ಯವಾದ ಅಡ್ಡಿ ಇನ್ನೊಂದು. ನಿಧಾನದ ತಿರುಪು ಬಲಭೀಮ. ನಮ್ಮ ಸಾಧಾರಣ ಸ್ಟೆಪರ್ ಮೋಟಾರಿನ ಪೂರ್ಣ ಬಲವನ್ನು 2 ಮಿ.ಮೀ. ತಿರುಪಿಗೆ ಹಾಕಿ ಲೆಕ್ಕ ಮಾಡಿದರೆ ಒತ್ತಡ 30 ಕೆ.ಜಿ. ದಾಟುತ್ತದೆ. ಇಳಿಯುವಾಗ ಕೆಳಗೆ ಅಮ್ಮನ ಕೈ ಸಿಕ್ಕರೆ? ಅಥವಾ ಆ ಸ್ಟೂಲಿನ ಮೇಲೆ ಸದಾ ಮಲಗುವ ಬೆಕ್ಕು? ಮೋಟಾರಿನ ಕರೆಂಟು ತಗ್ಗಿಸು ಎಂದು ನಾನು ಹೇಳಿದೆ. ಹುಡುಗಿ ಕರೆಂಟನ್ನೂ ತಗ್ಗಿಸಿದಳು, ಅದಕ್ಕಿಂತ ಮೇಲಾದ ಇನ್ನೊಂದು ಕೆಲಸವನ್ನೂ ಮಾಡಿದಳು. ನಟ್ಟಿಗೆ ಜಾರುಗಟ್ಟೆಯನ್ನು ಬಿಗಿಯಲೇ ಇಲ್ಲ, ನಟ್ಟಿನ ಮೇಲೆ ಸುಮ್ಮನೆ ಕೂರಿಸಿದಳು. ನಟ್ಟು ಮೇಲೆ ಬಂದರೆ ಜಾರುಗಟ್ಟೆಯನ್ನು ಎತ್ತುತ್ತದೆ. ನಟ್ಟು ಇಳಿದರೆ ಜಾರುಗಟ್ಟೆ ತನ್ನ ಭಾರದಿಂದ ಹಿಂಬಾಲಿಸುತ್ತದೆ, ನಟ್ಟು ಅದನ್ನು ಕೆಳಕ್ಕೆ ಎಳೆಯಲಾರದು. ನಡುವೆ ಕೈ ಬಂದರೆ ಕೈಯ ಮೇಲೆ ಬೀಳುವುದು 700 ಗ್ರಾಂ ಮಾತ್ರ. ಎರಡೂ ಬೇರೆಯಾದೊಡನೆ ಮೋಟಾರು ನಿಲ್ಲಲಿ ಎಂದು ಅವುಗಳ ನಡುವೆ ಒಂದು ಪುಟ್ಟ ಸ್ವಿಚ್ಚನ್ನೂ ಕೂರಿಸಿದಳು. ಮೂವತ್ತು ವರ್ಷದಲ್ಲಿ ನನ್ನ ಎಷ್ಟೋ ವಿದ್ಯಾರ್ಥಿಗಳು ಗೇರಿನ ಚಿತ್ರವನ್ನು ಸುಂದರವಾಗಿ ಬರೆದು ನೂರಕ್ಕೆ ತೊಂಬತ್ತು ಪಡೆದಿದ್ದಾರೆ. ಹೀಗೆ ಬೆಕ್ಕಿಗಾಗಿ ಯೋಚಿಸಿದವರು ಕಡಿಮೆ.

ಹದಿನೈದು ದಿನ ಇಪ್ಪತ್ತೆರಡಾಯಿತು. ಬ್ರಿಜ್ ಕೋರ್ಸಿನ ಮೊದಲ ವಾರ ತಪ್ಪಿತು. ಅವಳಪ್ಪನಿಗೆ ಬೇಸರವಾಯಿತು, ಅದರಲ್ಲಿ ತಪ್ಪೇನೂ ಇಲ್ಲ. ಕಟ್ಟಿದ ಹಣ ಹಣವೇ. ಊರೂರಿನಲ್ಲೂ ಈಗ ಪ್ರಾಜೆಕ್ಟುಗಳನ್ನೇ ಸಿದ್ಧಮಾಡಿ, ರಿಪೋರ್ಟಿನ ಸಮೇತ ಪೊಟ್ಟಣ ಕಟ್ಟಿ ಕೊಡುವ ಅಂಗಡಿಗಳಿವೆ. ಅಲ್ಲಿಂದ ತಂದ ಕೈ ಪ್ರದರ್ಶನದ ದಿನ ಚೆನ್ನಾಗಿಯೇ ಆಡುತ್ತದೆ. ಆದರೆ ಸ್ವಿಚ್ಚು ಆರಿಸಿದರೆ ಏನಾಗುತ್ತದೆ ಎಂದು ಮಗುವನ್ನು ಕೇಳಿ ನೋಡಿ. ಈ ಕೆಲಸ ಆಟವೂ ಅಲ್ಲ. ಇಂಗ್ಲೆಂಡಿನ ಕೀಲ್ ವಿಶ್ವವಿದ್ಯಾಲಯದಲ್ಲಿ ಮೈಕ್ ಟಾಪಿಂಗ್ 1987ರಲ್ಲಿ ಹ್ಯಾಂಡಿ-1 ಎಂಬ ಊಟದ ರೋಬಾಟನ್ನು ಮಾಡಿದ್ದು ಮಿದುಳಿನ ಪಾರ್ಶ್ವವಾಯು ಇದ್ದ 11 ವರ್ಷದ ಒಬ್ಬ ಹುಡುಗ ತಾನೇ ಉಣ್ಣಲಿ ಎಂದು. ಅದು ಆಮೇಲೆ ಅನೇಕರ ಊಟದ ಮೇಜಿಗೆ ಹೋಯಿತು.

ಮೇ ಎರಡನೆಯ ವಾರ ಒಂದು ಸಂಜೆ ಆಲಿಕಲ್ಲಿನ ಮಳೆ. ಲೋಟ ಅರ್ಧ ಎತ್ತರದಲ್ಲಿದ್ದಾಗ ವಿದ್ಯುತ್ತು ಹೋಯಿತು. ಕತ್ತಲಲ್ಲಿ ಬ್ಯಾಟರಿ ಹುಡುಕಿ ಬಿಟ್ಟು ನೋಡಿದರೆ ಲೋಟ ಅಲ್ಲೇ ಇದೆ, ಕಾಫಿಯ ಮೇಲಿನ ನೊರೆ ಕೂಡ ಅಲುಗಿಲ್ಲ. ಹುಡುಗಿ ಕಂಬದ ತಲೆಯ ಮೇಲಿನ ಹಿಡಿಯನ್ನು ಕೈಯಿಂದಲೇ ತಿರುಗಿಸಿ ಲೋಟವನ್ನು ಪೂರ್ತಿ ಮೇಲೆ ತಂದಳು. ಆ ಹಿಡಿ ಶಾವಿಗೆ ಒರಳಿನದೇ, ಅಮ್ಮನ ಅಪ್ಪಣೆ ಪಡೆದು ಬಿಚ್ಚಿಕೊಂಡದ್ದು.

ಅಮ್ಮನ ತಕರಾರು ಒಂದೇ: 25 ಸೆಕೆಂಡು. ‘ಮೇಲೆ ಬರೋಷ್ಟರಲ್ಲಿ ಆರಿ ಹೋಗತ್ತೆ ಕಣೆ.’ ಈ ಮಾತು ಬೆಂಗಳೂರಿಗೂ ತಲುಪಿತು. ಮುಂದಿನ ವಾರ ಅವಳಪ್ಪನಿಂದ ನನಗೆ ಫೋನು: ‘ಭಾವ, 4 ಮಿ.ಮೀ. ಏರುವ ಸ್ಕ್ರೂನೂ ಸಿಗತ್ತಂತೆ. ಹನ್ನೆರಡೂವರೆ ಸೆಕೆಂಡಿಗೆ ಬರತ್ತೆ. ಇಳಿಜಾರು ಹತ್ತು ಡಿಗ್ರಿ ಚಿಲ್ಲರೆ, ನಾನೇ ಲೆಕ್ಕ ಹಾಕಿದೆ.’ ಎರಡು ದಿನಕ್ಕೆ ಕೊರಿಯರ್ ಬಂತು. ಹುಡುಗಿ ಅದನ್ನು ನೆಟ್ಟಗೆ ನಿಲ್ಲಿಸಿ ನಟ್ಟನ್ನು ಒತ್ತಿದಳು. ನಿಂತಿತು. ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಟ್ಟು ಮತ್ತೆ ಒತ್ತಿದಳು. ಮೆಲ್ಲಗೆ, ಯಾರೂ ನೋಡುತ್ತಿಲ್ಲ ಎನ್ನುವ ಹಾಗೆ, ತಿರುಗತೊಡಗಿತು. ಎಣ್ಣೆ ಒರೆಸಿ, ಕಾಗದದಲ್ಲಿ ಸುತ್ತಿ, ಅಪ್ಪನ ಹೆಸರು ಬರೆದು ಡಬ್ಬದಲ್ಲಿಟ್ಟಳು. ಕಂಬದಲ್ಲಿ 2 ಮಿ.ಮೀ.ನದೇ ಇದೆ. ಅಮ್ಮ ಈಗ ಕಾಫಿ ಬೆರೆಸುವಾಗಲೇ ತುಸು ಹೆಚ್ಚು ಬಿಸಿ ಮಾಡಲು ನನ್ನ ಹೆಂಡತಿಗೆ ಹೇಳಿದ್ದಾರೆ.